ಗಾಜಿಗೆ ಹಚ್ಚಿದ ಗಂಧ

ಆಯುಧಪೂಜೆಯ ದಿನ ಗಂಧದ ಬಟ್ಟಲು ಹಿಡಿದಾಗ ಇಂದಿಗೂ ನನ್ನ ಕೈ ತಡೆಯುತ್ತದೆ.

ಧಾರವಾಡದಿಂದ ಬಂದು ಯಲಹಂಕದ ಕಾರ್ಖಾನೆ ಸೇರಿದ್ದ ಅಪ್ಪ, ಆಸೆಪಟ್ಟು ಕೊಂಡ ಟೆಲಿಸ್ಕೋಪನ್ನು ಹಳೆಯ ಧೋತರದಲ್ಲಿ ಸುತ್ತಿ ಟ್ರಂಕಿನಲ್ಲಿಡುತ್ತಿದ್ದರು. "ಗಾಜು ಮುಟ್ಟಬ್ಯಾಡವಾ" ಎನ್ನುತ್ತಿದ್ದರು.

ನಾನು ಚಿಕ್ಕವಳಿದ್ದಾಗ ಒಂದು ಆಯುಧಪೂಜೆಯಲ್ಲಿ ಸೈಕಲ್ಲು, ಹೊಲಿಗೆ ಯಂತ್ರಗಳ ಜೊತೆ ಟೆಲಿಸ್ಕೋಪಿನ ಗಾಜಿಗೂ ಗಂಧ ಹಚ್ಚಿಬಿಟ್ಟೆ. ಆಮೇಲೆ ಹೆದರಿ, ಬೆಳ್ಳಿ ದೀಪಕ್ಕೆ ಮಾಡುವಂತೆ ವಿಭೂತಿ ಹಾಕಿ ತಿಕ್ಕಿದೆ. ಗಾಜೆಲ್ಲ ಗೀರಾಯಿತು.

ಸಂಜೆ ಚಂದ್ರನನ್ನು ನೋಡಲು ಕಣ್ಣಿಟ್ಟ ಅಪ್ಪ, ಗಾಜನ್ನೂ ನನ್ನ ಬಿಳಿ ಬೆರಳುಗಳನ್ನೂ ನೋಡಿದರು.

"ಇವತ್ತ ಮಂಜು ಭಾಳ ಐತಿ. ನಾಳೆ ನೋಡೋಣು."

ಆಮೇಲೆ ಎಷ್ಟೋ ಸಂಜೆ ಆಕಾಶ ತಿಳಿಯಾಗಿತ್ತು. ಅಪ್ಪ ಟ್ರಂಕು ತೆರೆಯಲಿಲ್ಲ, ನಾನು ತಪ್ಪು ಒಪ್ಪಿಕೊಳ್ಳಲಿಲ್ಲ.

ಅಪ್ಪ ಹೋದ ಮೇಲೆ ಟ್ರಂಕು ನನ್ನ ಮನೆಗೆ ಬಂದಿದೆ. ಇಂದು ಅದರ ಬೀಗಕ್ಕಷ್ಟೇ ಗಂಧ ಹಚ್ಚಿದೆ.