ಶನಿವಾರದ ನಿಯಮ, ಭಾನುವಾರದ ನಿಯಮ

ಮೊನ್ನೆ ಶನಿವಾರ ಮಧ್ಯಾಹ್ನ ಟಿವಿಯಲ್ಲಿ ಕಾಲೇಜು ಹುಡುಗರ ಅಮೆರಿಕನ್ ಫುಟ್‌ಬಾಲ್ ನಡೆಯುತ್ತಿತ್ತು. ಚೆಂಡು ಅವುಚಿಕೊಂಡು ಓಡುತ್ತಿದ್ದವನೊಬ್ಬ ತಾನಾಗಿಯೇ ಜಾರಿ ಮಂಡಿಯೂರಿದ. "ಏಳೋ, ನಿನ್ನನ್ನ ಯಾರೂ ಮುಟ್ಟಿಲ್ಲ, ಓಡು!" ಎಂದು ಕೂಗಿ, ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದೆ. ಸೋಫಾದ ಆ ತುದಿಯಲ್ಲಿ ಮಡಿಸದ ಬಟ್ಟೆಗಳ ರಾಶಿ ಬಿದ್ದಿತ್ತು.

ಹುಡುಗ ಏಳಲಿಲ್ಲ. ಏಳುವಂತೆಯೂ ಇರಲಿಲ್ಲ. ಬಿದ್ದವನನ್ನು ಎದುರಾಳಿ ಮುಟ್ಟದಿದ್ದರೆ ಎದ್ದು ಓಡಬಹುದು ಎನ್ನುವುದು ಭಾನುವಾರ ಆಡುವ ವೃತ್ತಿಪರರ ನಿಯಮ. ಕಾಲೇಜಿನ ಆಟದಲ್ಲಿ ಮಂಡಿ ನೆಲಕ್ಕೆ ತಾಗಿದರೆ ಮುಗಿಯಿತು, ಮುಟ್ಟಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ನಾನು ತಪ್ಪು ಹೇಳಿದ್ದೆ. ತಿದ್ದುವವರು ಯಾರೂ ಇರಲಿಲ್ಲ. ನಿಮ್ಮ ಮುಂದೆ ನಾಚಿಕೆಯೇನು, ಬಹಳ ಒಂಟಿ ಅನ್ನಿಸಿತು.

ತಿದ್ದುತ್ತಿದ್ದವರು ಇಮ್ತಿಯಾಜ್. ಮೈಸೂರಿನವರು, ಇಲ್ಲಿ ಅಮೆರಿಕದ ಅಲ್ಫರೆಟಾ ಊರಿನಲ್ಲಿ ನನ್ನದೇ ಸಾಲಿನಲ್ಲಿ ನಾಲ್ಕನೆಯ ಮನೆ. 2020ರಲ್ಲಿ ಯಾರೂ ಯಾರ ಮನೆಯೊಳಗೂ ಹೋಗುವಂತಿರಲಿಲ್ಲವಲ್ಲ, ಆಗ ಅವರು ಗರಾಜಿನಲ್ಲಿ ಟಿವಿ ಇಟ್ಟು ಅದರ ಮುಂದಿನ ಡ್ರೈವ್‌ವೇಯಲ್ಲಿ ದೂರ ದೂರ ಎರಡು ಕುರ್ಚಿ ಹಾಕಿದರು. ಅವರ ಮಡದಿ ಶಬಾನಾ ಚಹಾದ ಲೋಟವನ್ನು ಕಾರಿನ ಬಾನೆಟ್ ಮೇಲಿಟ್ಟು ಹಿಂದೆ ಸರಿದ ಮೇಲೆ ನಾನು ಹೋಗಿ ಎತ್ತಿಕೊಳ್ಳುತ್ತಿದ್ದೆ. "ನಮ್ಮನೇಗೂ ಮಡಿ ಬಂತು ನೋಡಿ ಸಾರ್," ಎಂದು ಇಮ್ತಿಯಾಜ್ ನಗುತ್ತಿದ್ದರು. ಮನೆಯಲ್ಲಿ ನಾನೊಬ್ಬನೇ. ಆಫೀಸಿನ ಮಾತು ಬಿಟ್ಟರೆ ಇಡೀ ವಾರದಲ್ಲಿ ನಾನಾಡುತ್ತಿದ್ದ ಮಾತೆಲ್ಲ ಆ ಕುರ್ಚಿಯ ಮೇಲೆಯೇ.

ಇಬ್ಬರೂ ಕ್ರಿಕೆಟ್ ಹುಚ್ಚಿನವರು, ಈ ಆಟದ ಗಂಧಗಾಳಿ ಇಲ್ಲದವರು. ಅವರ ಮಗಳು ಕಾಲೇಜು ಸೇರಿದ್ದರಿಂದ ಶನಿವಾರದ ಆಟದಿಂದ ಶುರುಮಾಡಿದೆವು. ನಾನೋ, ಪಿಯುಸಿ ಪರೀಕ್ಷೆಗೆ ಕೂತವನ ಹಾಗೆ ಕಾಲೇಜಿನ ನಿಯಮಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದು ಉರು ಹೊಡೆದೆ. ಇಮ್ತಿಯಾಜ್ ಒಂದಕ್ಷರ ಬರೆಯಲಿಲ್ಲ, ನೋಡಿ ನೋಡಿಯೇ ಕಲಿತರು. ಉರು ಹೊಡೆದವನಿಗಿರುವ ಜಂಬ ಕಲಿತವನಿಗೆ ಇರುವುದಿಲ್ಲ.

ಎರಡು ವರ್ಷದ ಮೇಲೆ ಒಂದು ಭಾನುವಾರ, ವೃತ್ತಿಪರರ ಆಟ ನೋಡಲು ಅವರ ಮನೆ ತುಂಬ ಜನ. ಮೈದಾನದ ಅಂಚಿನಲ್ಲಿ ಒಬ್ಬ ನೆಗೆದು ಚೆಂಡು ಹಿಡಿದ. ಇಳಿಯುವಾಗ ಒಂದು ಕಾಲು ಗೆರೆಯ ಒಳಗೆ, ಇನ್ನೊಂದು ಹೊರಗೆ. ರೆಫರಿ ಕ್ಯಾಚ್ ಅಲ್ಲ ಎಂದ. ನಾನು ಎದ್ದು ನಿಂತು, ಮೋಸ ಮೋಸ ಎಂದು ಕೂಗಾಡಿದೆ.

"ಸಾರ್, ಒಂದ್ ಕಾಲು ಸಾಕು ಅನ್ನೋದು ಕಾಲೇಜಲ್ಲಿ. ಇವರಿಗೆ ಎರಡೂ ಒಳಗೇ ಬೀಳ್ಬೇಕು," ಎಂದರು ಇಮ್ತಿಯಾಜ್, ಮೆಲ್ಲಗೆ.

"ನಿಮ್ಮ ಹತ್ರ ರೂಲ್ಸ್ ಕಲಿಯೋ ಗತಿ ನನಗಿನ್ನೂ ಬಂದಿಲ್ಲ," ಎಂದೆ. ಅವರದೇ ಮನೆಯಲ್ಲಿ, ಅವರ ಮಗಳ ಎದುರಿಗೆ.

ಅಷ್ಟರಲ್ಲಿ ಟಿವಿಯ ಕಾಮೆಂಟರಿಯವನು ಇಮ್ತಿಯಾಜ್ ಹೇಳಿದ್ದನ್ನೇ ಹೇಳಿದ. ಯಾರೂ ನಗಲಿಲ್ಲ, ನಕ್ಕಿದ್ದರೆ ನಾನೂ ನಕ್ಕು ಉಳಿದುಕೊಳ್ಳುತ್ತಿದ್ದೆನೇನೋ. "ಅಣ್ಣಾ, ಊಟ ಮಾಡ್ಕೊಂಡ್ ಹೋಗಿ," ಎಂದು ಶಬಾನಾ ಕರೆದರೂ ಚಪ್ಪಲಿ ಮೆಟ್ಟಿ ಹೊರಟುಬಿಟ್ಟೆ. ಮುಂದಿನ ಶನಿವಾರ ಹೋಗಲಿಲ್ಲ. ಅವರೇ ಕರೆಯಲಿ ಎಂದು ನಾನು, ನಾನೇ ಬರಲಿ ಎಂದು ಬಹುಶಃ ಅವರು. ಹೀಗೇ ತಿಂಗಳುಗಳು ಕಳೆದು ಅವರಿಗೆ ದೂರದ ಶಾರ್ಲೆಟ್ ಊರಿನಲ್ಲಿ ಕೆಲಸವಾಯಿತು. ಟ್ರಕ್ಕಿಗೆ ಸಾಮಾನು ಏರಿಸುವುದನ್ನು ಅಡುಗೆಮನೆ ಕಿಟಕಿಯ ಬ್ಲೈಂಡ್ಸ್ ಸಂದಿಯಿಂದ ನೋಡುತ್ತ ನಿಂತಿದ್ದೆ. ಹೊರಗೆ ಹೋಗಲು ಕಾಲೇ ಬರಲಿಲ್ಲ.

ಮೊನ್ನೆ ಟಿವಿಯ ಸದ್ದು ತಗ್ಗಿಸಿ ಫೋನ್ ಮಾಡಿದೆ.

"ಇಮ್ತಿಯಾಜ್, ಆವತ್ತು ಎರಡೂ ಕಾಲು ಒಳಗಿರ್ಬೇಕಿತ್ತು. ತಪ್ಪು ನಂದು."



"ನಾನೀಗ ನೋಡೋದೇ ಬಿಟ್ಟಿದ್ದೀನಿ ಸಾರ್," ಎಂದರು. "ಇಲ್ಲಿಗೆ ಬಂದ್ಮೇಲೆ ಒಂದ್ ಗೇಮೂ ನೋಡಿಲ್ಲ. ಒಬ್ಬನೇ ಕೂತ್ಕೊಂಡು ಏನ್ ನೋಡೋದು?"

ಅವರೇ ಮತ್ತೆ ಕೇಳಿದರು: "ಈಗ ಏನಾಗ್ತಿದೆ, ಹೇಳಿ."

ಟಿವಿಯ ಕಡೆ ನೋಡಿದೆ. "ಆ್ಯಡ್ಸ್ ಬರ್ತಿದೆ," ಎಂದೆ.

"ಪರ್ವಾಗಿಲ್ಲ ಸಾರ್, ಕಾಯ್ತೀನಿ."