ಎರಡು ಒತ್ತಿದರೆ ಮೂರು

ನನ್ನ ತಪ್ಪುಗಳ ಪಟ್ಟಿಯೊಂದು ರೋಣದ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಗೋಡೆಯ ಮೇಲಿದೆ. ಉಳಿದ ಗಂಡಸರ ತಪ್ಪುಗಳು ಹೆಂಡತಿಗೆ ಮಾತ್ರ ಗೊತ್ತಿರುತ್ತವೆ. ನನ್ನವು ಲಗ್ನಪತ್ರಿಕೆ ಮಾಡಿಸಲು ಬರುವ ಸುತ್ತಲಿನ ಬೆಳವಣಕಿ, ಲಕ್ಕಲಕಟ್ಟಿ ಹಳ್ಳಿಯವರಿಗೂ ಗೊತ್ತು.

ಆದದ್ದಿಷ್ಟು. ನಾನು ಗಜೇಂದ್ರಗಡದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದಾಗ ಎಲ್ಲರ ಬಳಿ ಇದ್ದದ್ದು ಡಾಸ್ ಎಂಬ ಕರಿ ಪರದೆ. ಆಗ ಆ ಪ್ರೆಸ್ಸಿನ ಮಾಲೀಕ ಈರಪ್ಪನವರ ಕಂಪ್ಯೂಟರಿಗೆ ಒಂದು ಮೆನು ಬರೆದುಕೊಟ್ಟೆ. ಒಂದು ಒತ್ತಿದರೆ ಗೃಹಪ್ರವೇಶ, ಎರಡು ಒತ್ತಿದರೆ ಲಗ್ನ, ಮೂರು ಒತ್ತಿದರೆ ತೀರಿಕೊಂಡವರ ಶಿವಗಣಾರಾಧನೆಯ ಪತ್ರಿಕೆ. ಬರೆಯುವಾಗ ನನ್ನ ಜಾಣತನದ ಬಗ್ಗೆ ನನಗೆ ಯಾವ ಸಂಶಯವೂ ಇರಲಿಲ್ಲ. ಓಡಿಸಿದಾಗ ಎರಡು ಒತ್ತಿದರೆ ಶಿವಗಣಾರಾಧನೆ ಬಂತು, ಮೂರು ಒತ್ತಿದರೆ ಲಗ್ನ.

ಮುಂದಿನ ವಾರ ಬಂದು ಸರಿಮಾಡುತ್ತೇನೆ ಎಂದೆ. ಆ ವಾರ ಬರಲು ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಹಿಡಿಯಿತು.

ಅಷ್ಟರಲ್ಲಿ ಅಲ್ಲಿನ ಟೈಪಿಸ್ಟ್ ನೀಲವ್ವ ನನ್ನ ತಪ್ಪುಗಳ ಜೊತೆ ಸಂಸಾರ ಹೂಡಿಬಿಟ್ಟಿದ್ದಳು. ಒಂದು ರಟ್ಟಿನ ಮೇಲೆ ಬರೆದು ಗೋಡೆಗೆ ಹಚ್ಚಿದ್ದಳು: ‘ಲಗ್ನಕ್ಕ ಮೂರು, ಶಿವಗಣಾರಾಧನೆಗೆ ಎರಡು. ಸುಮ್ನ ಬಿಟ್ರ ಪರದೆ ಮ್ಯಾಲಿನ ಗೆರಿ ತಾನ ಕೆಳಗ ಇಳೀತದ. ಹೊರಗ ಹೋಗ್ಲೇನು ಅಂತ ಕೇಳ್ತದ, ಬ್ಯಾಡ ಅಂದ್ರೂ ಹೋಗ್ತದ.’ ಹೀಗೆ ಐದು ಸಾಲು. ದೊಡ್ಡ ಕಂಪನಿಗಳೂ ತಮ್ಮ ತಂತ್ರಾಂಶದ ಜೊತೆ ‘ಗೊತ್ತಿರುವ ದೋಷಗಳು’ ಎಂಬ ಪಟ್ಟಿ ಕೊಡುತ್ತವಂತೆ. ಗೊತ್ತಿದ್ದೂ ಯಾಕೆ ಬಿಟ್ಟಿರಿ ಎಂದು ಯಾರೂ ಕೇಳುವುದಿಲ್ಲ. ಈಗ ನಾನಿರುವ ನರಗುಂದದಲ್ಲಿ ನಮ್ಮ ಮನೆಯ ಹತ್ತಿರ ಒಂದು ಖಾನಾವಳಿಯಿದೆ. ಬೋರ್ಡಿನ ಮೇಲೆ ಹತ್ತು ಪಲ್ಯದ ಹೆಸರು. ಯಾವುದನ್ನು ಕೇಳಿದರೂ ಬರುವುದು ಬದನೆಕಾಯಿ. ನಾವು ಬದನೆಕಾಯಿ ತಿಂದು, ಕೈ ತೊಳೆದು, ಚಲೋ ಆಗಿತ್ತು ಎಂದು ಹೇಳಿ ಬರುತ್ತೇವೆ.

ಹಳೆಯ ಪತ್ರಿಕೆಗಳ ಮಾದರಿಗಳೆಲ್ಲ ಅದರಲ್ಲೇ ಇವೆ ಎಂದು ಪ್ರೆಸ್ಸಿನಲ್ಲಿ ಆ ಹಳೆಯ ಕಂಪ್ಯೂಟರು ಈಗಲೂ ನಡೆಯುತ್ತಿದೆ. ಈಚೆಗೆ ಒಂದು ರವಿವಾರ, ಕ್ಲಾಸು ಮುಚ್ಚಿ ಕೆಲಸವಿಲ್ಲದೆ ಕೂತ ನನಗೆ ಆ ರಟ್ಟು ನೆನಪಾಗಿ ಮೈ ಉರಿಯಿತು. ಈರಪ್ಪನವರಿಂದ ಪ್ರೆಸ್ಸಿನ ಕೀಲಿ ಇಸಿದುಕೊಂಡು, ಯಾಕೆಂದು ಹೇಳದೆ, ಮಧ್ಯಾಹ್ನ ಕೂತು ಎರಡನ್ನೂ ಮೂರನ್ನೂ ಅದಲುಬದಲು ಮಾಡಿದೆ. ಹತ್ತು ನಿಮಿಷದ ಕೆಲಸ. ಮರುದಿನ ಹೊಗಳಿಸಿಕೊಳ್ಳಲು ಬೆಳಗ್ಗೆಯೇ ಹೋಗಿ ಕೂತೆ. ನೀಲವ್ವ ತಾನೇ ಕಂಡು ಬೆರಗಾಗಲಿ ಎಂದು ಬಾಯಿ ಬಿಡಲಿಲ್ಲ.

ಸವಡಿ ಊರಿನ ಯಜಮಾನರೊಬ್ಬರು ಮೊಮ್ಮಗಳ ಲಗ್ನಪತ್ರಿಕೆಗೆ ಬಂದಿದ್ದರು. ಮೊದಲ ಪತ್ರಿಕೆಯ ಮೂಲೆಗಳಿಗೆ ಹಚ್ಚಿ ಮನೆದೇವರ ಮುಂದಿಡಲು ಅರಿಷಿಣದ ಪುಡಿಕೆಯನ್ನೂ ತಂದಿದ್ದರು. ನೀಲವ್ವ ಪರದೆ ನೋಡುವವಳಲ್ಲ. ಯಜಮಾನರ ಜೊತೆ ಮಾತಾಡುತ್ತಲೇ ಮೂರು ಒತ್ತಿದಳು, ಕೇಳಿದ್ದಕ್ಕೆಲ್ಲ ಹೆಸರು, ಊರು, ದಿನ ತುಂಬಿದಳು. ಹೊರಗಿನ ಕೋಣೆಯ ಪ್ರಿಂಟರಿನಿಂದ ಬಂದ ಹಾಳೆಯನ್ನು ಈರಪ್ಪನವರು ಓದದೆ ನೇರವಾಗಿ ಯಜಮಾನರ ಕೈಗೆ ಕೊಟ್ಟರು. ಮೇಲೆ ‘ಶಿವಗಣಾರಾಧನೆ’, ಕೆಳಗೆ ಮದುಮಗಳ ಹೆಸರು.

ಅಯ್ಯೋ ಶಿವನೇ! ಈರಪ್ಪನವರು ಬಗ್ಗಿ ಓದಿ ನೀಲವ್ವನ ಕಡೆ ತಿರುಗಿದರು.

“ಏನ್ ಮಾಡಿ ಇಟ್ಟಿ ನೀಲವ್ವ! ಬೀಗರ ಕಿವಿಗೆ ಬಿದ್ರ ಲಗ್ನ ಉಳೀತದ ಏನು? ಕಣ್ಣ ಹೋಗ್ಯಾವ ನಿನಗ. ನಾಳಿಂದ ಬರಬ್ಯಾಡ.”

“ನಾ ಮೂರಽ ಒತ್ತೇನ್ರಿ ಅಣ್ಣಾರ,” ಎಂದಳು ನೀಲವ್ವ. “ನನ್ನ ಕೈ ತಪ್ಪಂಗಿಲ್ರಿ.” ಹಾಗೆಂದವಳೇ ತನ್ನ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು, ಅವು ಬೇರೆ ಯಾರವೋ ಎಂಬಂತೆ.

ನಾನು ಚಹಾ ಕುಡಿಯುತ್ತಿದ್ದೆ. ಇನ್ನೊಂದು ಗುಟುಕು ಕುಡಿದೆ ಎಂದು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ. ಆಮೇಲೆ ಲೋಟ ಕೆಳಗಿಟ್ಟು ಹೇಳಿದೆ.

“ಆಕಿ ತಪ್ಪಲ್ರಿ. ನಿನ್ನೆ ನಾನಽ ಬಂದು ರಿಪೇರಿ ಮಾಡೇನಿ.”

ಈರಪ್ಪನವರು ನನ್ನನ್ನು ನೋಡಿದ ಬಗೆಯನ್ನು ಬರೆಯಲಾರೆ. ಇನ್ನು ಯಜಮಾನರು ಎದ್ದು ಹೋಗುತ್ತಾರೆ, ಊರೆಲ್ಲ ಹೇಳುತ್ತಾರೆ ಎಂದುಕೊಂಡೆ. ಅವರು ಹಾಳೆಯನ್ನು ದೂರ ಹಿಡಿದು ಮತ್ತೊಮ್ಮೆ ಓದಿದರು.

“ಇದನ್ನ ಹರೀಬ್ಯಾಡ ಈರಪ್ಪಾ. ನಮ್ಮ ಹುಡುಗಿ ಹೆಸರ ತಗದು ನನ್ನ ಹೆಸರ ಹಾಕಿ ಇಟ್ಬಿಡು. ತಾರೀಖ ಆಮ್ಯಾಲೆ ತುಂಬಿದ್ರಾತು. ಆದ್ರ ಲಗ್ನದ ಊಟ ಮುಗಿಸೇ ಹೋಗಾಂವ ನಾ, ಲಗ್ನಪತ್ರಿಕಿ ಲಗೂ ಮಾಡು. ಆ ತಂಗೀಗೆ ಯಾಕ ಬೈತಿ?”

ನೀಲವ್ವ ಕಣ್ಣೊರೆಸಿಕೊಂಡು ನಕ್ಕಳು. ಲಗ್ನಕ್ಕೆ ಈಗ ಎರಡು ಒತ್ತಬೇಕು ಎಂದು ನಾನು ಮೆಲ್ಲಗೆ ಹೇಳಿದೆ.

“ಇವತ್ತೊಂದಿನ ಒತ್ತತೀನ್ರಿ ಸರ್,” ಎಂದಳು. “ಆಮ್ಯಾಲೆ ನಿಮ್ಮ ತಪ್ಪ ಎಲ್ಲಿತ್ತೋ ಅಲ್ಲೇ ಇಟ್ಟು ಹೋಗ್ರಿ.”

ಅರಿಷಿಣ ಹಚ್ಚಿದ ಪತ್ರಿಕೆ ಸವಡಿಗೆ ಹೋಯಿತು. ನಾನು ಮತ್ತೆ ಕೂತು, ಬಹಳ ಎಚ್ಚರದಿಂದ, ಎರಡರ ಜಾಗದಲ್ಲಿ ಮೂರನ್ನೂ ಮೂರರ ಜಾಗದಲ್ಲಿ ಎರಡನ್ನೂ ಇಟ್ಟೆ. ಜೀವನದಲ್ಲಿ ಬೇಕೆಂದೇ ತಪ್ಪು ಮಾಡಿ, ಅದು ಸರಿಯಾಗಿದೆಯೇ ಎಂದು ಎರಡು ಸಲ ಪರೀಕ್ಷಿಸಿದ್ದು ಅದೊಂದೇ ಸಲ.

ಹೋದ ವಾರ ಮತ್ತೆ ಪ್ರೆಸ್ಸಿಗೆ ಹೋಗಿದ್ದೆ. ನನ್ನನ್ನು ಕಂಡೊಡನೆ ನೀಲವ್ವ ಮಷಿನ್ ಬಂದ್ ಮಾಡಿ, ಮೇಲೆ ಬಟ್ಟೆ ಹೊದಿಸಿ, “ಬರ್ರಿ ಸರ್, ಚಹಾ ತರಸ್ತೀನಿ” ಎಂದಳು. ಯಾಕೆಂದು ತಿಳಿಯಲಿಲ್ಲ. ಗೋಡೆಯ ರಟ್ಟು ನೋಡಿದೆ. ಐದು ಸಾಲಿನ ಕೆಳಗೆ ಹೊಸ ಶಾಯಿಯಲ್ಲಿ ಆರನೆಯದು: ‘ಸರ್ ಒಮ್ಮೊಮ್ಮೆ ಸರಿ ಮಾಡಾಕ ಬರ್ತಾರ. ಬಂದ್ರ ಮಷಿನ್ ಬಂದ್ ಮಾಡಿ ಚಹಾ ಕೊಡಬೇಕು.’

ಚಹಾ ಕುಡಿದು, ಚಲೋ ಆಗಿತ್ತು ಎಂದು ಹೇಳಿ ಬಂದೆ.