ಇಲಾರಿಯೊನ ಮೊಳೆ

ನಿಕನೋರಾ ಬೆನಿತೆಸ್ ಕಲ್ಲುಮನಸ್ಸಿನ ಹೆಂಗಸು. ಯಾರನ್ನೂ ಕ್ಷಮಿಸಿದವಳಲ್ಲ, ಕ್ಷಮಿಸುವುದು ಸೋಮಾರಿಗಳ ಅಭ್ಯಾಸವೆಂದು ತಿಳಿದಿದ್ದಳು. ಪರಾಗ್ವೆಯ ಕಬ್ಬಿನ ಸೀಮೆಯ ಆ ಊರಿನಲ್ಲಿ ಇದನ್ನು ಅಲ್ಲಗಳೆಯುವವರು ಇರಲಿಲ್ಲ.

ತಕುವಾರಾ ಫುಟ್‌ಬಾಲ್ ಕ್ಲಬ್ಬಿನ ಅಂಗಿಗಳನ್ನು ಒಗೆಯುವುದೂ ಬೀಗದಕೈ ಕಾಯುವುದೂ ಅವಳ ಕೆಲಸ. ಕ್ಲಬ್ಬು ಕಟ್ಟಿದವರು ಅವಳ ತಂದೆ ಮತ್ತು ಅವನೊಡನೆ ಕಬ್ಬು ಕಡಿಯುತ್ತಿದ್ದವರು. ಗೋಲಿಗೆ ಬಿದಿರು ನೆಟ್ಟು ಆಟ ಶುರುಮಾಡಿದರು. ಸಕ್ಕರೆ ಗಿರಣಿಯ ಧಣಿಗಳು ತಮ್ಮದೇ ಕ್ಲಬ್ಬು ಮಾಡಿಕೊಂಡು ಇವರ ಬಿದಿರು ಕೀಳಿಸಿದರು. ಮುಂದಿನ ಭಾನುವಾರಕ್ಕೆ ಹೊಸ ಬಿದಿರು ನಿಂತಿತ್ತು. ನೀರು ನಿಲ್ಲಿಸಿದರು, ಹೆಂಗಸರು ಹೊಳೆಯಿಂದ ಹೊತ್ತು ತಂದರು. ಎರಡೂ ಕ್ಲಬ್ಬು ಒಂದಾಗಲಿ ಎಂದು ಗಿರಣಿಯಿಂದ ಬಂದವರೆಲ್ಲ ಬಾಗಿಲಿನಿಂದಲೇ ವಾಪಸಾದರು. ತಕುವಾರಾ ಗೆದ್ದ ಪಂದ್ಯಗಳು ಕಡಿಮೆ, ಬಗ್ಗಿದ್ದಂತೂ ಇಲ್ಲವೇ ಇಲ್ಲ.

ಬಟ್ಟೆ ಬದಲಿಸುವ ಕೋಣೆಯ ಗೋಡೆಯಲ್ಲಿ ಅಂಗಿ ನೇತುಹಾಕಲು ಪ್ರತಿ ಆಟಗಾರನಿಗೂ ಒಂದು ಮೊಳೆ. ಗಿರಣಿಯ ಕ್ಲಬ್ಬಿಗೆ ಹೋದವನ ಮೊಳೆಯನ್ನು ಎಲ್ಲರೆದುರು ಕಿತ್ತು ಹೊಳೆಗೆಸೆಯುವುದು ಪದ್ಧತಿ. ನಿಕನೋರಾ ಸಾಕಿ ಬೆಳೆಸಿದ ತಮ್ಮನ ಮಗ ಇಲಾರಿಯೊ ಹಾಗೆ ಹೋದಾಗ ಇಕ್ಕಳ ಹಿಡಿದವಳೂ ಅವಳೇ, ಮೊಳೆಯೊಂದಿಗೆ ಒಬ್ಬಳೇ ಹೊಳೆಯ ಕಡೆ ನಡೆದವಳೂ ಅವಳೇ. ಅಂದಿನಿಂದ ಮನೆಮಂದಿ ಸುತ್ತ ಕೂತು ತೆರೆರೆ ಎಂಬ ತಣ್ಣನೆಯ ಎಲೆಪಾನಕವನ್ನು ಸರದಿಯಂತೆ ಹೀರುವಾಗ ಬಟ್ಟಲು ಅವನನ್ನು ದಾಟಿಕೊಂಡೇ ಹೋಗುತ್ತಿತ್ತು.

ಈ ವರ್ಷ ಹುಡುಗರು ಕೆಲಸ ಹುಡುಕಿಕೊಂಡು ಅರ್ಜೆಂಟೀನಾಕ್ಕೆ ಹೋಗಿಬಿಟ್ಟಿದ್ದರು. ಗಿರಣಿಯವರ ಎದುರಿನ ಮೊದಲ ಪಂದ್ಯಕ್ಕೆ ಕನಿಷ್ಠ ಏಳು ಜನ ಇಳಿಯದಿದ್ದರೆ ತಕುವಾರಾವನ್ನು ಲೀಗಿನಿಂದ ತೆಗೆದುಹಾಕುತ್ತಾರೆ, ಮೈದಾನ ಗಿರಣಿಯ ಪಾಲಾಗುತ್ತದೆ. ಇದ್ದವರು ಆರೇ. ಮೊಣಕಾಲು ಕೆಟ್ಟಿತೆಂದು ಗಿರಣಿಯವರು ಕೈಬಿಟ್ಟಿದ್ದ ಇಲಾರಿಯೊನ ಹೆಸರನ್ನು ನಾಯಕ ವಿದಾಲ್ ಅವಳಿಗೆ ತಿಳಿಸದೆ ಸೇರಿಸಿದ್ದ.

ಭಾನುವಾರ ಇಲಾರಿಯೊ ಬಂದಾಗ ನಿಕನೋರಾ ಕೋಣೆಯ ಬಾಗಿಲಿಗೆ ಅಡ್ಡ ನಿಂತಳು.

"ದಾರಿ ತಪ್ತೇನಪ್ಪಾ? ಲೈಟು ಹಾಕಿಸಿರೋ ಮೈದಾನ ಆ ಕಡೆ."

"ಆಡಕ್ಕೆ ಬಂದೆ ಅತ್ತೆ."

"ಕುಂಟ ಆದ್ಮೇಲೆ ನಾವು ನೆನಪಾದ್ವಾ?"

"ಹೂಂ. ಆಮೇಲೇ ನೆನಪಾದ್ರಿ. ಸುಳ್ಳು ಹೇಳಲ್ಲ."

ಆರು ಜನರಿಗೆ ರೆಫರಿ ಸೀಟಿ ಊದುವುದಿಲ್ಲ ಎಂದು ವಿದಾಲ್ ಅಂಗಲಾಚಿದ. ಮೊಳೆ ಇಲ್ಲದವನಿಗೆ ಅಂಗಿ ಇಲ್ಲ, ತನ್ನಪ್ಪನ ಕಾಲದಿಂದಲೂ ಇಲ್ಲ ಎಂದಳು ಅವಳು. ಆಮೇಲೆ ಅವಳ ಕಣ್ಣು ಮೈದಾನದ ಕಡೆ ಹೊರಳಿತು. ಗಿರಣಿಯ ಮೇಸ್ತ್ರಿ ಆಗಲೇ ಅಳತೆಪಟ್ಟಿ ಬಿಚ್ಚಿ ಗೋಲಿನ ಹಿಂದೆ ಗೂಟ ಹೊಡೆಯುತ್ತಿದ್ದ.

"ಆ ಗೂಟ ಕಿತ್ತು ಬಾ ವಿದಾಲ್," ಎಂದಳು. "ಮೆತ್ತಗೆ ಕೀಳು. ಅವರದನ್ನ ಅವರಿಗೇ ವಾಪಸ್ ಕೊಡಬೇಕು."

ವಿದಾಲ್ ಓಡಿದ. ಅವಳು ಒಳಗೆ ಹೋಗಿ, ಸಾಬೂನಿನ ಡಬ್ಬಿಯ ಹಿಂದಿನಿಂದ ಎಣ್ಣೆಬಟ್ಟೆಯ ಪುಟ್ಟ ಗಂಟೊಂದನ್ನು ತೆಗೆದು ಬಿಚ್ಚಿದಳು. ಒಳಗೆ ಮೊಳೆ ಇತ್ತು, ತುಕ್ಕಿನ ಚುಕ್ಕೆಯೂ ಇಲ್ಲದೆ. ಗೋಡೆಯ ಹಳೆಯ ತೂತಿಗೇ ಅದನ್ನಿಟ್ಟು, ಒಗೆಯುವ ಕಲ್ಲಿನ ಚೂರೊಂದರಿಂದ ಹೊಡೆದಳು.